ಸಂಡಿಗೆ ಕಾಯ್ದ ಸೀಡಿ

ಟ್ಯಾಂಕ್ ತುಂಬಿ ನೀರು ಹರಿಯತೊಡಗಿದರೆ ಬೇರೆಯವರು ಮೋಟರ್ ಆಫ್ ಮಾಡಲು ಓಡುತ್ತಾರೆ. ನಾನು ಮೊದಲು ಹಾಡುತ್ತೇನೆ, ಆಮೇಲೆ ಓಡುತ್ತೇನೆ. ನಲವತ್ತು ದಾಟಿದ ಹೈಸ್ಕೂಲ್ ಟೀಚರೊಬ್ಬಳು ಮೆಟ್ಟಿಲ ಮೇಲೆ ನಿಂತು ರಾಕ್ ಹಾಡು ಅರಚುವುದನ್ನು ಬಸವೇಶ್ವರನಗರದ ನಮ್ಮ ಪಕ್ಕದ ಮನೆಯವರು ಈಗ ಒಪ್ಪಿಕೊಂಡುಬಿಟ್ಟಿದ್ದಾರೆ.

ಆ ಹಾಡು ‘ತುಂಬಿದ ಟ್ಯಾಂಕ್’ ಎಂಬ ತಂಡದ್ದು. ನಾನು ಕಾಲೇಜಿನಲ್ಲಿದ್ದಾಗ ರಾಜಾಜಿನಗರದ ನಾಲ್ವರು ಹುಡುಗರು ಕಾರ್ ಶೆಡ್ಡಿನಲ್ಲಿ ಕಟ್ಟಿದ ತಂಡ. ಕೈಯಿಂದ ಖರ್ಚು ಮಾಡಿಕೊಂಡು ಒಂದೇ ಒಂದು ಆಲ್ಬಂ ತಂದರು: ‘ಮೇಲಿನ ಮನೆ ಖಾಲಿ ಇದೆ’. ಅದರಲ್ಲಿ ಪ್ರೇಮವಿಲ್ಲ, ವಿರಹವಿಲ್ಲ. ಎಲ್ಲ ಹಾಡುಗಳೂ ಬಾಡಿಗೆದಾರರ ಗೋಳು. ಒಂದರಲ್ಲಿ ಮನೆ ಮಾಲೀಕರು ಗೋಡೆಗೆ ಮೊಳೆ ಹೊಡೆಯಬೇಡಿ ಎನ್ನುತ್ತಾರೆ, ಡ್ರಮ್ಮಿನವನು ಹೊಡೆಯುತ್ತಲೇ ಇರುತ್ತಾನೆ. ಇನ್ನೊಂದರಲ್ಲಿ ಗಿಟಾರಿಗಿಂತ ಇಡ್ಲಿ ಪಾತ್ರೆಯ ಮುಚ್ಚಳದ್ದೇ ಜೋರು. ಇದನ್ನು ಕೇಳಿ ನಮಗೆ ಹುಚ್ಚು ಹಿಡಿಯಿತು. ಮಿಕ್ಕ ಹಾಡುಗಳೆಲ್ಲ ಮಂಜಿನ ಬೆಟ್ಟದಲ್ಲಿ ನಡೆಯುತ್ತಿದ್ದವು. ಇವು ನಮ್ಮ ಬೀದಿಯಲ್ಲೇ ನಡೆಯುತ್ತಿದ್ದವು.

ಸೀಡಿ ಬಂದದ್ದು ಅತ್ತಿಗುಪ್ಪೆಯ ನನ್ನ ಗೆಳತಿ ರೇಖಾಳ ಮನೆಗೆ. ಅವಳ ಅಣ್ಣ ತಂದು ಮೇಜಿನ ಮೇಲಿಟ್ಟಿದ್ದ. ಯಾರೂ ಒಮ್ಮೆಯೂ ಕೇಳುವ ಮೊದಲೇ ಅವಳ ಅಮ್ಮ ಅದಕ್ಕೆ ದಾರ ಕಟ್ಟಿ ತಾರಸಿಯಲ್ಲಿ ತೂಗುಹಾಕಿದರು. ಸಂಡಿಗೆಗೆ ಕಾಗೆ ಬಾಯಿ ಹಾಕದಿರಲೆಂದು ಹಾಳಾದ ಸೀಡಿಗಳನ್ನು ಹೀಗೆ ಕಟ್ಟುವುದಿತ್ತು. ಹಾಳಾದದ್ದು ಯಾವುದು, ಹೊಸದು ಯಾವುದು ಎಂದು ಸೀಡಿಯ ಮುಖ ನೋಡಿ ಹೇಳಲು ಆಗುತ್ತದೆಯೇ? ಸಂಡಿಗೆ ಒಣಗುವವರೆಗೂ ಅದು ಗಾಳಿಗೆ ಗೋಡೆ ಸವರುತ್ತ ಕಾವಲು ಕಾಯಿತು. ಆಮೇಲೆ ನಾವು ಇಳಿಸಿ, ದುಪಟ್ಟಾದಲ್ಲಿ ಒರೆಸಿ, ಪ್ಲೇಯರಿಗೆ ಹಾಕಿದೆವು. ಸದ್ಯ, ಹಾಡಿತು.

ನಮ್ಮ ಗುಂಪಿನಲ್ಲಿ ಸೀಡಿ ಪ್ಲೇಯರ್ ಇದ್ದದ್ದು ರೇಖಾಳ ಮನೆಯಲ್ಲಿ ಮಾತ್ರ. ಹಾಗಾಗಿ ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿ ಹಂಚಿದೆವು. ಆ ಕ್ಯಾಸೆಟ್ಟಿಗೆ ಮಕ್ಕಳು ಮೊಮ್ಮಕ್ಕಳು ಹುಟ್ಟಿ, ನಂದಿನಿ ಲೇಔಟಿನಿಂದ ಕೆಂಗೇರಿಯವರೆಗೆ ಸಂಸಾರ ಬೆಳೆಯಿತು. ಒಂದು ಹಾಡಿಗಾಗಿ ಬಸ್ಸು ಹತ್ತಿ ಒಬ್ಬರ ಮನೆಗೆ ಹೋಗುವುದು, ಹೋದಮೇಲೆ ಅವರಮ್ಮ ಕೊಟ್ಟ ಉಪ್ಪಿಟ್ಟು ತಿನ್ನುವುದು, ಎಲ್ಲವೂ ಹಾಡಿನ ಭಾಗವೇ ಆಗಿತ್ತು. ಈಗ ಬೆರಳ ತುದಿಯಲ್ಲಿ ಲೋಕದ ಸಂಗೀತವೆಲ್ಲ ಇದೆ, ಉಪ್ಪಿಟ್ಟಿಲ್ಲ. ನನಗೆ ಆ ದಿನಗಳು ಬೇಕು ಅನ್ನಿಸುತ್ತದೆ, ಸುಮ್ಮನೆ ಯಾಕೆ ಸುಳ್ಳು ಹೇಳಲಿ.

ಎಲ್ಲರಿಗೂ ಪ್ರಾಣವಾದದ್ದು ಟ್ಯಾಂಕಿನ ಹಾಡು. ಅದರಲ್ಲಿ ಗಾಯಕ ಇದ್ದಕ್ಕಿದ್ದಂತೆ ‘ಯಾರಾ... ಯಾರಾ... ಯಾರಾ... ಆಫ್ ಮಾಡಿ!’ ಎಂದು ಕೂಗುತ್ತಾನೆ. ಸ್ವಲ್ಪ ಸಂಗೀತ ಕಲಿತಿದ್ದ ನಾನು, ಒಂದೇ ಸಾಲನ್ನು ಹಿಡಿದು ಹಿಗ್ಗಿಸುವ ಇದು ನಮ್ಮ ನೆರವಲ್ ಪದ್ಧತಿಯೇ ಎಂದು ವಿವರಿಸಿದೆ. ಕನ್ನಡ ಎಂ.ಎ. ಮಾಡುತ್ತಿದ್ದ ರೇಖಾಳ ಅಣ್ಣ ಇದು ಅನುಭಾವ ಎಂದ. ಅನುಭಾವ ಎಂದಮೇಲೆ ಯಾರೂ ಎದುರಾಡಲಿಲ್ಲ.

ಆಲ್ಬಂ ಬಂದ ಸ್ವಲ್ಪ ದಿನಕ್ಕೇ ತಂಡ ಒಡೆದುಹೋಯಿತು. ಗಾಯಕ ಗಿರೀಶ್ ಈಗ ರಾಜಾಜಿನಗರದಲ್ಲಿ ಗಣಿತದ ಟ್ಯೂಷನ್ ನಡೆಸುತ್ತಾರೆ. ಈ ವರ್ಷ ರೇಖಾ ಅವರನ್ನು ಪತ್ತೆಹಚ್ಚಿ ಒಂದು ಕಾರ್ಯಕ್ರಮ ಕೊಡಿ ಎಂದು ಗಂಟುಬಿದ್ದಳು. “ನಮ್ ಹಾಡ್ ಯಾರ್ ಕೇಳಿದ್ರು ಮೇಡಂ? ಸೀಡಿಯೆಲ್ಲ ಇನ್ನೂ ಅಟ್ಟದ ಮೇಲೇ ಇವೆ. ನೀವ್ ಇಷ್ಟು ಕೇಳ್ತೀರ ಅಂತ ಒಂದ್ಸಲ ಹಾಡ್ತೀವಿ. ಆಮೇಲೆ ಗಿಟಾರ್ ಮಾರ್ಬಿಡ್ತೀನಿ” ಎಂದರಂತೆ. ಅದನ್ನು ಕೇಳಿ ನನಗೆ ನಮ್ಮ ಯೌವನವನ್ನೇ ಯಾರೋ ಮಾರಾಟಕ್ಕಿಟ್ಟ ಹಾಗಾಯಿತು.

ಕಳೆದ ಭಾನುವಾರ ಸಂಜೆ ವಿಜಯನಗರದ ಸಮುದಾಯ ಭವನ ತುಂಬಿತ್ತು. ರಾಕ್ ಕಾರ್ಯಕ್ರಮಕ್ಕೆ ಬಂದವರೆಲ್ಲ ಫ್ಯಾನಿನ ಕೆಳಗಿನ ಕುರ್ಚಿಗೆ ಪೈಪೋಟಿ ನಡೆಸಿದರು. ಹಲವರ ಕೈಯಲ್ಲಿ ಫ್ಲಾಸ್ಕ್ ಇತ್ತು. ರೇಖಾಳ ಅಮ್ಮನೂ ಬಂದು ಮುಂದೆ ಕುಳಿತಿದ್ದರು. ತಂಡದ ಹಳೆಯ ಮೂವರೊಂದಿಗೆ ವೇದಿಕೆ ಹತ್ತಿದ ಗಿರೀಶ್ ನಮ್ಮ ಕಡೆ ಸರಿಯಾಗಿ ನೋಡದೆ, ಬೇಗ ಮುಗಿಸುವವರಂತೆ ಹಾಡುತ್ತಾ ಹೋದರು. ಟ್ಯಾಂಕಿನ ಹಾಡು ಬಂತು. ಅವರು ‘ಯಾರಾದ್ರೂ ಬಂದು ಮೋಟರ್ ಆಫ್ ಮಾಡಿ’ ಎಂದು ನೇರವಾಗಿ ಹಾಡಿದರು. ಇಡೀ ಸಭೆ ‘ಯಾರಾ... ಯಾರಾ... ಯಾರಾ... ಆಫ್ ಮಾಡಿ!’ ಎಂದು ಅಬ್ಬರಿಸಿತು.

ಗಿಟಾರ್ ನಿಂತಿತು. “ಏನ್ರೀ ಅದು?”

“ಹಾಡಿರೋದೇ ಹಂಗೆ ಸಾರ್!” ಎಂದರು ಹಿಂದಿನಿಂದ ಒಬ್ಬರು.

“ಬರ್ದಿರೋನು ನಾನು ಕಣ್ರೀ! ಸೀಡಿಗೆ ಏನಾದ್ರೂ ಗೀರು ಬಿದ್ದಿತ್ತಾ?”

ಆಗ ಮುಂದಿನ ಸಾಲಿನಿಂದ ರೇಖಾಳ ಅಮ್ಮನ ದನಿ ಇಡೀ ಭವನಕ್ಕೆ ಕೇಳಿಸಿತು. “ಅಯ್ಯೋ, ಅದು ನಮ್ಮ ಸಂಡಿಗೆ ಸೀಡಿ ಕಣೇ ರೇಖಾ!”

ರೇಖಾ ಎದ್ದು, ನಾಚಿಕೊಳ್ಳುತ್ತಲೇ ತಾರಸಿಯ ಕಥೆ, ಕ್ಯಾಸೆಟ್ಟಿನ ಕಥೆ ಎರಡನ್ನೂ ಹೇಳಿದಳು. ನನ್ನ ನೆರವಲ್, ಅವಳಣ್ಣನ ಅನುಭಾವ, ಎರಡೂ ಅಲ್ಲೇ ಮಣ್ಣುಪಾಲಾದವು. ಸಭೆ ಬಿದ್ದು ಬಿದ್ದು ನಕ್ಕಿತು. ಗಿರೀಶ್ ನಗಲಿಲ್ಲ. ಒಂದೇ ತಪ್ಪನ್ನು ಬಾಯಿಪಾಠ ಮಾಡಿಕೊಂಡಿದ್ದ ಅಷ್ಟೂ ಮುಖಗಳನ್ನು ಒಂದೊಂದಾಗಿ ನೋಡಿದರು. “ಹಂಗಾದ್ರೆ ಎಲ್ರೂ ಕೇಳಿದೀರ” ಎಂದರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

“ಹೇಳ್ಕೊಡಿ” ಎಂದರು ಆಮೇಲೆ. ನಾವು ಹೇಳಿಕೊಟ್ಟೆವು. ಗಣಿತದ ಮೇಷ್ಟ್ರು ಎಲ್ಲಿ ತಡವರಿಸಬೇಕೋ ಅಲ್ಲಿ ನೆಟ್ಟಗೆ ಹಾಡಿ, ಮತ್ತೆ ಮತ್ತೆ ತಪ್ಪಿದರು. ಕೊನೆಗೆ ಎಲ್ಲರೂ ಫ್ಲಾಸ್ಕ್ ಎತ್ತಿಕೊಂಡು ಹೊರಟಾಗ ರೇಖಾ ಅಳುಕುತ್ತಲೇ, “ಗಿಟಾರ್ ಮಾರ್ತೀರಾ ಸಾರ್?” ಎಂದು ಕೇಳಿದಳು.

“ಈಗೆಲ್ಲಿ ಆಗುತ್ತೆ ಮೇಡಂ? ಆ ಹಾಡು ಇನ್ನೂ ನನಗೆ ಸರಿಯಾಗಿ ಬರ್ತಿಲ್ಲ. ಭಾನುವಾರ ಪ್ರಾಕ್ಟೀಸ್ ಇಟ್ಕೊಂಡಿದೀವಿ. ಗೊತ್ತಿರೋರು ಯಾರಾದ್ರೂ ಬಂದು ತಿದ್ದಿ” ಎಂದರು.