ಕಂಪ್ಯೂಟರಿನ ಕೊಂಡಿ ಕೂಡಿದ ದಿನ

ಇದನ್ನು ನೀವು ನಂಬುವುದಿಲ್ಲ. ಪಂತ ಕಟ್ಟಿ ಹೇಳುತ್ತೇನೆ, ನಂಬುವುದಿಲ್ಲ. ಮೊಬೈಲಿನಲ್ಲಿ ಅಕ್ಷರ ಹಿಗ್ಗಿಸಿ ಓದುವ ಅರವತ್ತೆಂಟು ವರ್ಷದ ರಿಟೈರ್ಡ್ ಬಸ್ ಡ್ರೈವರ್ ಒಬ್ಬ, ರೋಣದ ತನ್ನ ಮನೆಯ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಬಿಡಿ ಭಾಗ ತಂದು, ಗೇಮಿಂಗ್ ಕಂಪ್ಯೂಟರ್ ಕಟ್ಟಿದ. ಆ ಮಹಾನುಭಾವ ನಾನೇ, ಸಂಗಪ್ಪ.

ಹೋದ ವರ್ಷ ಯುಗಾದಿ ಮುಗಿದ ವಾರ. ಕಣ್ಣಿನ ಡಾಕ್ಟರು ನನ್ನ ಬಲಗಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, "ಅಜ್ಜಾರ, ಇನ್ನ ಗಾಡಿ ಹೊಡಿಯೂದು ಸಾಕ್ರಿ" ಅಂದರು. ಮೂವತ್ತು ವರ್ಷ ಗದಗ, ಗಜೇಂದ್ರಗಡ, ನರಗುಂದ ಎಂದು ಬಸ್ ಓಡಿಸಿದವನು ನಾನು. ರಿಟೈರ್ ಆದ ಮೇಲೂ ಯಾರದಾದರೂ ಟೆಂಪೋ ಸಿಕ್ಕರೆ ಬಿಡುತ್ತಿರಲಿಲ್ಲ. ಆವತ್ತು ಮನೆಗೆ ಬಂದು ಊಟದ ತಾಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತ ಕೂತೆನಂತೆ. ಇದು ನನ್ನ ಹೆಂಡತಿ ಶಾಂತವ್ವ ಹೇಳುವ ಮಾತು.

ಎರಡು ದಿನ ಬಿಟ್ಟು ಫೋನ್ ರಿಪೇರಿಗೆಂದು ನಮ್ಮ ಓಣಿಯ ಮಲ್ಲಿಕಾರ್ಜುನನ ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿ ಪರದೆಯ ಮೇಲೆ ಕೆಂಪು ಬಸ್ಸು ಓಡುತ್ತಿತ್ತು! ಮುಂದೆ ಮೇಜಿಗೆ ಸ್ಟೇರಿಂಗು, ಕೆಳಗೆ ಕ್ಲಚ್ಚು, ಬ್ರೇಕು. "ಕೂಡ್ರಿ ಕಾಕಾ" ಅಂದ. ಕೂತೆ. ಹತ್ತು ನಿಮಿಷದಲ್ಲಿ ಎರಡು ಲೈಟಿನ ಕಂಬ, ಒಂದು ಎಮ್ಮೆ ಹೋದವು. ಆದರೆ ಎದ್ದಾಗ ನನ್ನ ಬೆನ್ನು ನೆಟ್ಟಗಾಗಿತ್ತು.

"ಇಂಥಾದ್ದ ನನಗೊಂದು ಬೇಕಲಾ."

"ಜೋಡಿಸಿದ್ದ ಕೊಡ್ತೀನ್ರಿ ಕಾಕಾ."

"ಹಾದ್ಯಾಗ ಕೆಟ್ಟ ಬಸ್ಸಿಗೆ ಮೂವತ್ತ ವರ್ಷ ನಾನ ಪಾನಾ ಹಿಡದೇನಿ. ಈ ಡಬ್ಬಿ ಜೋಡಸೂದು ಯಾ ದೊಡ್ಡ ಮಾತೋ? ನಾನ ಕಟ್ಟತೀನಿ."

ಚಹಾದಂಗಡಿಯಲ್ಲಿ ಈ ಸುದ್ದಿ ಹೇಳಿದಾಗ ಯಲ್ಲಪ್ಪ ಚಹಾದ ಬಶಿ ಕೆಳಗಿಟ್ಟು ನಕ್ಕ. ಹದಿನೆಂಟು ವರ್ಷ ನನ್ನ ಬಸ್ಸಿಗೆ ಕಂಡಕ್ಟರ್ ಆಗಿದ್ದವನು. "ಲೇ ಸಂಗ್ಯಾ, ಮೊಬೈಲ್ ಚಾರ್ಜಿಗೆ ಹಾಕಿ ಬಟನ್ ಒತ್ತೂದ ಮರೀತಿ ನೀ. ನೀ ಕಂಪ್ಯೂಟರ್ ಕಟ್ಟಾವ?" ಅವನು ಹೀಗೆ ಕುಟುಕಲು ಕಾರಣವಿದೆ. ಒಮ್ಮೆ ಸವಡಿ ಊರಿನ ಸ್ಟಾಪಿನಲ್ಲಿ ಅವನು ನಿದ್ದೆ ಹೋದಾಗ ಕೈಚೀಲದ ಚಿಲ್ಲರೆ ತೆಗೆದು ಕಡಲೆ ತುಂಬಿಟ್ಟಿದ್ದೆ.

ಮನೆಯಲ್ಲಿ ಶಾಂತವ್ವ ಒಂದೇ ಕರಾರು ಹಾಕಿದಳು. "ತರ್ರಿ. ಆದ್ರ ಒಮ್ಮೆ ಅಷ್ಟ. ಜೋಡಸಾಕ ಹೋಗಿ ಮುರದ್ರೆಪಾ ಅಂದ್ರ, ಇನ್ನೊಂದು ತರಂಗಿಲ್ಲ. ಬಸ್ಸಿನ ಮಾತ ಈ ಮನ್ಯಾಗ ಮತ್ತ ತಗಿಯಂಗಿಲ್ಲ." ಅವಳು ಗಜೇಂದ್ರಗಡದ ನೇಕಾರರ ಮಗಳು. ನಮ್ಮ ಪಡಸಾಲೆಯ ಅರ್ಧ ಇವತ್ತಿಗೂ ಅವಳ ಮಗ್ಗದ್ದು. ಅವಳು ಒಮ್ಮೆ ಅಂದರೆ ಒಮ್ಮೆಯೇ.

ಇಲ್ಲಿ ನಾನೊಂದು ಡ್ರೈವರ್ ತಪ್ಪು ಮಾಡಿದೆ. ನಮ್ಮ ಡಿಪೋದಲ್ಲಿ ಈ ಬಸ್ಸಿನ ಟೈರು ಆ ಬಸ್ಸಿಗೆ, ಆ ಬಸ್ಸಿನ ಸೀಟು ಈ ಬಸ್ಸಿಗೆ ಕೂಡುತ್ತಿತ್ತು. ಕಂಪ್ಯೂಟರೂ ಹಾಗೇ ಎಂದುಕೊಂಡೆ. ಮಲ್ಲಿಕಾರ್ಜುನನನ್ನು ಒಂದು ಮಾತೂ ಕೇಳಲಿಲ್ಲ. ಪ್ರೊಸೆಸರ್ ಎಂಬ ಮೆದುಳನ್ನು ಗದಗಿನಲ್ಲಿ ಕೊಂಡೆ. ಅದನ್ನು ಕೂರಿಸುವ ಮದರ್‌ಬೋರ್ಡನ್ನು, ಫೋಟೋದಲ್ಲಿ ಚಂದ ಕಂಡಿತೆಂದು ಆನ್‌ಲೈನಿನಲ್ಲಿ ತರಿಸಿದೆ.

ಶನಿವಾರ ಮುಂಜಾನೆ ಚಾಪೆ ಹಾಸಿ ಎರಡನ್ನೂ ಬಿಚ್ಚಿದೆ. ಆ ಕಡೆ ಶಾಂತವ್ವ ಮಗ್ಗದಲ್ಲಿದ್ದಳು, ಲಾಳಿ ಟಕ್ ಟಕ್ ಎನ್ನುತ್ತಿತ್ತು. ಪ್ರೊಸೆಸರನ್ನು ಬೋರ್ಡಿನ ಚೌಕದ ಮೇಲಿಟ್ಟೆ. ಕೂಡಲಿಲ್ಲ. ತಿರುಗಿಸಿ ಇಟ್ಟೆ. ಊಹೂಂ. ಹೊಸದಲ್ಲವೇ, ಸ್ವಲ್ಪ ಬಿಗಿ ಇದೆ ಎಂದು ಹೆಬ್ಬೆರಳು ಊರಿ ಒತ್ತಲು ಹೊರಟೆ. ಲಾಳಿಯ ಸದ್ದು ನಿಂತಿತು.

ಅಷ್ಟರಲ್ಲಿ ನನ್ನ ಹದ್ದಿನ ಕಣ್ಣಿಗೆ ಬಿತ್ತು ನೋಡಿ! ಪ್ರೊಸೆಸರಿನ ಹೊಟ್ಟೆಯ ಕೆಳಗೆ ಕೂದಲಿನಂಥ ಸಣ್ಣ ಮುಳ್ಳುಗಳು. ಬೋರ್ಡಿನ ಚೌಕದಲ್ಲೂ ಮುಳ್ಳುಗಳೇ. ಎರಡೂ ಕಡೆ ಮುಳ್ಳಿದ್ದರೆ ಕೂಡುವುದು ಹೇಗೆ? ನಮ್ಮ ಕಡೆಯ ಸೀರೆಯಲ್ಲಿ ಸೆರಗನ್ನು ಬೇರೆ ಹಾಸಿನಿಂದ, ಅಂದರೆ ಬೇರೆ ಉದ್ದೆಳೆಗಳಿಂದ, ನೇಯುತ್ತಾರೆ. ಮೈಯ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕುಣಿಕೆ ಹಾಕಿ ಸೇರಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಒಂದು ಕಡೆ ಕುಣಿಕೆ ಇದ್ದರೆ ಇನ್ನೊಂದು ಕಡೆ ಎಳೆ ಇರಬೇಕು, ಎರಡರ ಎಣಿಕೆಯೂ ಒಂದೇ ಇರಬೇಕು. ಇಲ್ಲದಿದ್ದರೆ ಸೆರಗು ಬೇರೆ, ಸೀರೆ ಬೇರೆ. ಮಾವನ ಮನೆಯಲ್ಲಿ ನೋಡಿ ನೋಡಿ ಇದೆಲ್ಲ ನನಗೆ ಬಾಯಿಪಾಠ. ಇನ್ನೊಂದು ಚೂರು ಒತ್ತಿದ್ದರೆ ಮುಳ್ಳು ಬಾಗಿ, ನನ್ನ ಬಸ್ಸು ಅಲ್ಲಿಗೇ ನಿಲ್ಲುತ್ತಿತ್ತು.

ಬೋರ್ಡನ್ನು ಹಾಗೇ ಪೆಟ್ಟಿಗೆಗೆ ಹಾಕಿ ವಾಪಸ್ ಕಳಿಸಿದೆ. ಪ್ರೊಸೆಸರನ್ನು ಮಲ್ಲಿಕಾರ್ಜುನನ ಮುಂದಿಟ್ಟು, "ಇದಕ್ಕ ತೂತಿನ ಬೋರ್ಡ್ ಬೇಕು. ಮುಳ್ಳಿಗೆ ಮುಳ್ಳು ಕೂಡಂಗಿಲ್ಲ" ಅಂದೆ.

ಅವನು ಬಾಯಿ ತೆರೆದ. "ಕಾಕಾ, ಕಲ್ತ ಹುಡುಗ್ರೂ ಇದನ್ನ ಒತ್ತಿ ಮುರಕೊಂಡ ಬರ್ತಾರ. ನಿಮಗ ಹ್ಯಾಂಗ ಗೊತ್ತಾತ್ರಿ?"

"ತಲಿ ಬೇಕೋ ತಮ್ಮಾ, ತಲಿ" ಅಂದೆ.

ಮುಂದೆ ಒಂದು ಭಾಗವೂ ಎಣಿಸದೆ, ಅಳೆಯದೆ ಮನೆಯೊಳಗೆ ಬರಲಿಲ್ಲ. ಮೆಮೊರಿ ಪಟ್ಟಿಯ ಅಂಚಿನಲ್ಲೊಂದು ಕಚ್ಚು ಇರುತ್ತದೆ. ಹೊಸ ತಳಿಯದಕ್ಕೂ ಹಳೆಯದಕ್ಕೂ ಅದರ ಜಾಗ ಬೇರೆ, ಒಂದು ಜೋಳದ ಕಾಳಿನಷ್ಟು ಆಚೀಚೆ. ಗದಗಿನ ಅಂಗಡಿಯವನು ಅವಸರದಲ್ಲಿ ಬೇರೆಯದು ಕಟ್ಟಿಕೊಟ್ಟಿದ್ದ. ಅದೂ ಗೊತ್ತಾಯಿತು, ಬದಲಾಯಿತು. ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಉದ್ದ ಬರೆದುಕೊಂಡು ಬಂದು, ಅಷ್ಟೇ ಉದ್ದದ ರಟ್ಟು ಕತ್ತರಿಸಿ ಖಾಲಿ ಕ್ಯಾಬಿನೆಟ್ಟಿನಲ್ಲಿ ಇಟ್ಟು ನೋಡಿದರೆ, ಎರಡು ಬೆರಳು ಹೊರಗೆ! ಅದಕ್ಕಿಂತ ಗಿಡ್ಡದು ತಂದೆವು. ಎಲ್ಲದಕ್ಕೂ ಎಷ್ಟು ಕರೆಂಟು ಬೇಕೆಂದು ಮಲ್ಲಿಕಾರ್ಜುನನ ಹತ್ತಿರ ಲೆಕ್ಕ ಕೂಡಿಸಿಕೊಂಡೇ ಪವರ್ ಸಪ್ಲೈ ತಂದದ್ದು. ತೂತಿನ ಹೊಸ ಬೋರ್ಡಿಗೆ ಪ್ರೊಸೆಸರ್ ಇಟ್ಟಾಗ, ಸತ್ಯವಾಗಿ ಹೇಳುತ್ತೇನೆ, ಒತ್ತಲೇ ಇಲ್ಲ. ತಾನೇ ಇಳಿದು ಕೂತಿತು.

ಭಾನುವಾರ ಮಧ್ಯಾಹ್ನ ಯಲ್ಲಪ್ಪನನ್ನೂ ಮಲ್ಲಿಕಾರ್ಜುನನನ್ನೂ ಕರೆದೆ. ನಮ್ಮ ಟಿವಿಗೇ ಜೋಡಿಸಿ, ಬಸ್ಸಿನ ಆಟ ಹಾಕಿ, ಅಂಗಡಿಯಲ್ಲಿದ್ದಂಥದ್ದೇ ಸ್ಟೇರಿಂಗು, ಕ್ಲಚ್ಚು, ಬ್ರೇಕು ಇಟ್ಟಿದ್ದೆ. ಎಲ್ಲರೂ ಕೂತ ಮೇಲೆ ಗಂಭೀರವಾಗಿ ಬಟನ್ ಒತ್ತಿದೆ. ಏನೂ ಇಲ್ಲ. ಮತ್ತೆ ಒತ್ತಿದೆ. ಇಲ್ಲ. ತಲೆಯ ಮೇಲೆ ಕೈ ಇಟ್ಟು ಕೂತೆ.

ಯಲ್ಲಪ್ಪ ಟೊಂಕದ ಮೇಲೆ ಕೈ ಇಟ್ಟು ಎದ್ದ. "ನಾ ಹೇಳಿದ್ನಿಲ್ಲ? ಇಂವಾ ಬಸ್ಸಿಗೆ ಹಾರನ್ ಬಿಟ್ಟ ಬ್ಯಾರೆ ಏನೂ ಬಾರಿಸಿಲ್ಲ!" ಮನಸಾರೆ ನಗಲು ಬಿಟ್ಟೆ. ಅವನ ಕಣ್ಣಲ್ಲಿ ನೀರು ಬಂದ ಮೇಲೆ ಮೆಲ್ಲಗೆ ಕೈ ಹಿಂದೆ ಚಾಚಿ, ನಾನೇ ಬೇಕೆಂದು ಆರಿಸಿಟ್ಟಿದ್ದ ಪೆಟ್ಟಿಗೆಯ ಹಿಂದಿನ ಸ್ವಿಚ್ ಹಾಕಿದೆ. ಬಟನ್ ಒತ್ತಿದೆ. ಫ್ಯಾನುಗಳು ಗಿರ್ರೆಂದವು. ಪೆಟ್ಟಿಗೆಯೊಳಗೆ ಕೆಂಪು, ನೀಲಿ, ಹಸಿರು ದೀಪ.

"ಇದರವ್ನ! ಮದುವಿ ಮನಿ ಆತಲ್ಲೋ" ಅಂದ ಯಲ್ಲಪ್ಪ. ನಗುವುದನ್ನು ಮರೆತಿದ್ದ.

ಪರದೆಯ ಮೇಲೆ ಬಸ್ಸು ಬಂತು. ಸ್ಟೇರಿಂಗ್ ಹಿಡಿದೆ, ಕ್ಲಚ್ ತುಳಿದೆ. ಯಾರೂ ಹೇಳದೆಯೇ ಹಿಂದಿನಿಂದ ಯಲ್ಲಪ್ಪ, "ರೈಟ್, ರೈಟ್!" ಎಂದು ಕೂಗಿದ. ಹೊಲ, ಊರು, ತಿರುವು ಎಲ್ಲ ದಾಟಿದೆವು. ಈ ಸಲ ಒಂದು ಎಮ್ಮೆಗೂ ತಗಲಲಿಲ್ಲ. ಆಮೇಲೆ ಒಂದು ನದಿ, ಅದರ ಮೇಲೆ ಸೇತುವೆ. ನನಗೆ ಗೊತ್ತಿಲ್ಲದೆ ಕಾಲು ಬ್ರೇಕಿನ ಮೇಲೆ ಹೋಯಿತು. ಬಸ್ಸು ನಿಂತಿತು. ಕೊಣ್ಣೂರಿನ ಸೇತುವೆಗೆ ಮಲಪ್ರಭೆ ಏರಿದಾಗ ನಾನು ಹಾಗೇ ನಿಲ್ಲಿಸುತ್ತಿದ್ದೆ. ಯಲ್ಲಪ್ಪ ಇಳಿದು ನೀರು ನೋಡಿ ಬಂದ ಮೇಲೇ ದಾಟುತ್ತಿದ್ದದ್ದು.

ಮಲ್ಲಿಕಾರ್ಜುನ, "ಯಾಕ ಕಾಕಾ, ಹ್ಯಾಂಗ್ ಆತೇನ್ರಿ?" ಎಂದು ಓಡಿ ಬಂದ.

ಯಲ್ಲಪ್ಪ ಅವನ ಭುಜ ಹಿಡಿದು ಹಿಂದೆ ಸರಿಸಿದ. ಟಿವಿಯ ಹತ್ತಿರ ಹೋಗಿ, ಬಗ್ಗಿ, ಆ ಸೇತುವೆಯ ಕೆಳಗಿನ ನೀರು ನೋಡಿದ. "ಕಡಿಮಿ ಐತಿ. ಬಾ, ಹೋಗೂಣು."

ದಾಟಿಸಿದೆ. ಅಷ್ಟು ಖುಷಿ ನನಗೆ ಮೊದಲ ಸಲ ಸರಕಾರಿ ಬಸ್ ಕೈಗೆ ಕೊಟ್ಟಾಗಲೂ ಆಗಿರಲಿಲ್ಲ.

ಈಗ ದಿನಾ ಸಂಜೆ ನಮ್ಮ ಪಡಸಾಲೆಯಿಂದ ಒಂದು ಟ್ರಿಪ್ ಹೊರಡುತ್ತದೆ. ಓಣಿಯವರೆಲ್ಲ ಬರುತ್ತಾರೆ, ಟಿಕೆಟ್ ಇಲ್ಲ. ನಾನು ಕಟ್ಟಿದ ಯಂತ್ರ ಇವತ್ತಿನವರೆಗೆ ಒಮ್ಮೆಯೂ ಹಾದಿಯಲ್ಲಿ ನಿಂತಿಲ್ಲ.

ಇಷ್ಟೆಲ್ಲದರಲ್ಲಿ ಒಂದೇ ಒಂದು ಸುಳ್ಳು ಸೇರಿಸಿದ್ದೇನೆ. ಎಮ್ಮೆಯೂ ಖರೆ, ಯಲ್ಲಪ್ಪ ಬಗ್ಗಿ ನೀರು ನೋಡಿದ್ದೂ ಖರೆ. ಹದ್ದಿನ ಕಣ್ಣು ಮಾತ್ರ ನನ್ನದಲ್ಲ. ಲಾಳಿಯ ಸದ್ದು ಯಾಕೆ ನಿಂತಿತು ಎಂದು ನೀವು ಕೇಳಲೇ ಇಲ್ಲವಲ್ಲ! ಆವತ್ತು ಮಗ್ಗದಿಂದ ಎದ್ದು ಬಂದು ನನ್ನ ಹೆಬ್ಬೆರಳು ಹಿಡಿದು ಮೇಲೆತ್ತಿದವಳು ಶಾಂತವ್ವ. "ಕೈ ತಗೀರಿ. ಎರಡೂ ಕಡೆ ಎಳೀನ ಅದಾವ, ಕುಣಿಕಿ ಎಲ್ಲೈತಿ?" ಅಂದವಳು ಅವಳು. ಕಚ್ಚು ನೋಡಿದವಳು, ರಟ್ಟು ಕತ್ತರಿಸಿದವಳು ಅವಳೇ. ಮುರಿದರೆ ಬಸ್ಸಿನ ಮಾತು ತೆಗೆಯಬಾರದೆಂದು ಕರಾರು ಹಾಕಿದವಳೇ, ಮುರಿಯದಂತೆ ನೋಡಿಕೊಂಡಳು.

ಇದನ್ನು ಬರೆದು ಓದಿ ತೋರಿಸಿದಾಗ ಲಾಳಿ ನಿಲ್ಲಿಸದೆಯೇ ಅಂದಳು: "ನಿಮ್ಮ ಹೆಸರಿನ್ಯಾಗನ ಇರಲಿ ಬಿಡ್ರಿ. ಖರೇ ಬರದ್ರ ಯಾರ ನಂಬತಾರ?"