ಭಾವ ಆರಿಸಿದ ನೆಲ

ನಮ್ಮ ಭಾವನಂಥ ಗಿರಾಕಿ ಒಬ್ಬರು ಬಂದರೆ ಸಾಕು, ಅಂಗಡಿಯವನ ಆ ದಿನದ ಮಿಕ್ಕ ವ್ಯಾಪಾರಕ್ಕೆ ಎಳ್ಳುನೀರು. ಮನೆಗೆ ಮರದ ನೆಲ ಹಾಕಿಸುವುದೆಂದು ತೀರ್ಮಾನವಾದಂದಿನಿಂದ, ಗಟ್ಟಿಮರದ ಹಲಗೆಯ ಒಂದು ತುಂಡನ್ನೂ ತೆಳು ಪದರಗಳನ್ನು ಅಂಟಿಸಿ ಮಾಡಿದ ಎಂಜಿನಿಯರ್ಡ್ ಹಲಗೆಯ ಒಂದು ತುಂಡನ್ನೂ ಚೀಲದಲ್ಲಿಟ್ಟುಕೊಂಡೇ ಓಡಾಡತೊಡಗಿದರು. ಬಸ್ಸಿನಲ್ಲಿ ಪಕ್ಕ ಕುಳಿತವರ ಕೈಗೂ ಕೊಟ್ಟು, "ನಿಮ್ಮ ಮನೆಯಾಗಿದ್ರೆ ಯಾವುದು ಹಾಕಿಸ್ತಿದ್ರಿ?" ಎಂದು ಕೇಳುವರು, ಉತ್ತರ ಬಂದೊಡನೆ, "ಹಾಗಂತೀರಾ?" ಎಂದು ಇನ್ನೊಂದರ ಪರ ವಕಾಲತ್ತು ವಹಿಸುವರು. ಎರಡರ ಮೇಲೂ ನೀರು ಸುರಿದು ನೋಡಿದರು, ಚಮಚ ಬೀಳಿಸಿ ನೋಡಿದರು, ಕುರ್ಚಿ ಎಳೆದಾಡಿದರು. "ನನ್ನನ್ನ ಮದುವೆಯಾಗೋಕೂ ಇಷ್ಟು ಯೋಚಿಸ್ಲಿಲ್ಲ ಇವರು," ಎಂದು ಅಕ್ಕ ನಗುತ್ತಿದ್ದಳು. ಕೊನೆಗೆ ಅಂಗಡಿಯವನೇ ಸೋತು, "ಪದರದ್ದೇ ಹಾಕಿಸಿಬಿಡಿ ಸಾರ್. ತೇವಕ್ಕೆ ಉಬ್ಬೋದು ಕಡಿಮೆ. ಅದರ ಕೆಳಗೆ ಮೆತ್ತನೆ ಹಾಳೆ ಹಾಸಿದ್ರೆ ನಡೆದಾಡಿದ ಸದ್ದೇ ಕೇಳ್ಸಲ್ಲ. ಗಟ್ಟಿಮರ ಆದ್ರೆ ಬರ್ತಾ ಬರ್ತಾ ಕಿರುಗುಟ್ಟುತ್ತೆ," ಎಂದ. ಅಷ್ಟು ದಿನ ಅಳೆದು ಸುರಿದವರು ಆ ಮಾತಿಗೆ, "ಹಾಗಾದ್ರೆ ಗಟ್ಟಿಮರಾನೇ ಇರ್ಲಿ," ಎಂದುಬಿಟ್ಟರು. ಹೊರಗೆ ಬಂದ ಮೇಲೆ ನಾನು ಕಾರಣ ಕೇಳಿದೆ. ಅವರು ಚೀಲದಿಂದ ಗಟ್ಟಿಮರದ ತುಂಡು ತೆಗೆದು ಬೆರಳಿನಿಂದ ತಟ್ಟಿದರು. "ನಿಮ್ಮಕ್ಕನ ಕಣ್ಣು ಮಂಜಾಗ್ತಾ ಇದೆ ಕಣಯ್ಯಾ. ನಾನು ಹತ್ತಿರ ಬರೋವರೆಗೂ ಯಾರು ಅಂತ ತಿಳಿಯದೆ ಬೆಚ್ಚಿಬೀಳ್ತಾಳೆ. ಸದ್ದಾದ್ರೆ ಒಳ್ಳೇದೇ ಅಲ್ವಾ?" ಎಂದರು. ಬೆಕ್ಕಿನಂತೆ ನಡೆಯುತ್ತಿದ್ದ ಆ ಮನುಷ್ಯ ಈಗ ಹೊಸ್ತಿಲು ದಾಟಿದೊಡನೆ ಹೊಸ ನೆಲದ ಮೇಲೆ ಹಿಮ್ಮಡಿಯೂರಿ ನಡೆಯುತ್ತಾರೆ, ಬಟ್ಟೆ ಮಡಿಸುತ್ತಿರುವ ಅಕ್ಕ ತಲೆ ಕೂಡ ಎತ್ತದೆ, "ಬಂದ್ರಾ? ಚಪ್ಪಲಿ ಹೊರಗೇ ಬಿಟ್ರಿ ತಾನೆ?" ಎನ್ನುತ್ತಾಳೆ.