ಅವಳು ಗೋಣು ಹಾಕುವವರೆಗೆ

ಹಾವೇರಿಯ ನಮ್ಮ ಎಂ.ಎ. ತರಗತಿಯಲ್ಲಿ ಎದುರಿನವರ ಮಾತಿಗೆ ಸೀದಾ ಉತ್ತರ ಕೊಡುವ ಹಾಗಿರಲಿಲ್ಲ. ಮೊದಲು ಅವರು ಹೇಳಿದ್ದನ್ನು ನಮ್ಮ ಬಾಯಿಂದ ತಿರುಗಿ ಹೇಳಬೇಕು. ‘ಹೌದು, ಇದನ್ನೇ ನಾನು ಹೇಳಿದ್ದು’ ಎಂದು ಅವರು ಗೋಣು ಹಾಕಬೇಕು. ಆಮೇಲೆ ನಮ್ಮ ಉತ್ತರ. ಗೋಣು ಹಾಕದಿದ್ದರೆ ಮತ್ತೆ ಮೊದಲಿನಿಂದ. ಶನಿವಾರದ ಚರ್ಚೆಗೆಂದು ನಮ್ಮ ಸರ್ ಮಾಡಿದ್ದ ಕಟ್ಟಳೆ ಇದು. “ಎದುರಿನವರ ಮಾತು ಹೊಡದು ಹಾಕೂದು ಹಗುರ. ಮೊದಲ ಅದನ್ನ ಎತ್ತಿ ನಿಲ್ಲಸ್ರಿ, ಆಮ್ಯಾಲೆ ಕೆಡವ್ರಿ,” ಎನ್ನುತ್ತಿದ್ದರು.

ಹೈಸ್ಕೂಲಿನಿಂದಲೂ ಚರ್ಚಾಸ್ಪರ್ಧೆಗಳಲ್ಲಿ ಕಪ್ಪು ಗೆದ್ದುಕೊಂಡು ಬಂದವಳು ನಾನು. ಗಡಿಯಾರ ನೋಡಿಕೊಂಡು ಮಾತಾಡಲು ಕಲಿತವಳಿಗೆ, ಎದುರಾಳಿಯ ಕೆಲಸವನ್ನೂ ನೀನೇ ಮಾಡು ಎಂದರೆ ಇದು ಯಾವ ನ್ಯಾಯ? ಎದ್ದು ನಿಂತು ಕೇಳಿಯೇ ಬಿಟ್ಟೆ. ಸರ್ ನಕ್ಕು, “ನಾ ಹೇಳಿದ್ದೇನು, ಅದನ್ನ ಮೊದಲ ತಿರುಗಿ ಹೇಳು,” ಅಂದರು. ಹೇಳಿದೆ. ಅವರು ಗೋಣು ಹಾಕಲಿಲ್ಲ. ಮುಂದಿನ ಬೆಂಚಿನಿಂದ ಒಬ್ಬಳು ಹಿಂದಕ್ಕೆ ತಿರುಗಿದಳು.

“ನೀ ಹೇಳಿದ್ದು ಅವರ ಮಾತಲ್ಲ. ಅವರು ಹಿಂಗ ಹೇಳಿದ್ರ ನಿನಗ ಚೊಲೋ ಆಗ್ತಿತ್ತು ಅನ್ನೂವಂಥ ಮಾತು.”

ಸೋಮವಾರ ನಾನು ಅವಳ ಪಕ್ಕದಲ್ಲಿ ಹೋಗಿ ಕೂತೆ.

ಅವಳದು ತುಂಗಭದ್ರೆಯ ದಂಡೆಯ ಐರಣಿ. ಅಲ್ಲಿಂದ ಬಸ್ಸು ಹಿಡಿದು ರಾಣೆಬೆನ್ನೂರಿಗೆ ಬಂದು ಮುಂಜಾನೆಯ ಪ್ಯಾಸೆಂಜರ್ ಹತ್ತುತ್ತಿದ್ದಳು. ನಾನು ಬ್ಯಾಡಗಿ ಸ್ಟೇಷನ್ನಿನಲ್ಲಿ ಹತ್ತುವಷ್ಟರಲ್ಲಿ ಕಿಟಕಿಯ ಪಕ್ಕದ ಸೀಟಿನಲ್ಲಿ ಅವಳ ಬ್ಯಾಗು ಕೂತಿರುತ್ತಿತ್ತು. ಬ್ಯಾಗು ಎತ್ತಿ ಅವಳ ತೊಡೆಯ ಮೇಲಿಟ್ಟು ನಾನು ಕೂರುವುದು, ಕೂತೊಡನೆ ವಾದ ಶುರು. ಪಕ್ಷ ಆರಿಸುವವಳು ನಾನು. ನಾನು ಪರ ಎಂದರೆ ಅವಳು ವಿರುದ್ಧ, ನಾನು ವಿರುದ್ಧ ಎಂದರೆ ಅವಳು ಪರ. ದೇವರು, ಮದುವೆ, ಪರೀಕ್ಷೆ, ನಮ್ಮ ಕ್ಯಾಂಟೀನಿನ ಮಿರ್ಚಿ ಭಜಿಯ ಗಾತ್ರ, ವಿಷಯ ಯಾವುದಾದರೂ ಸರಿ. ಅವಳ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಅದರ ತುದಿ ನನಗೆ ಕಂಡುಬಿಡುತ್ತಿತ್ತು. ಉಳಿದರ್ಧ ನಾನೇ ಮುಗಿಸುತ್ತಿದ್ದೆ. ಅವಳು ಕಿಟಕಿಯಾಚೆ ನೋಡುತ್ತ ಗೋಣು ಹಾಕುತ್ತಿದ್ದಳು. ತೀರ ಸಿಟ್ಟು ಬಂದರೆ ಮಾತ್ರ ಮನೆಯ ಉರ್ದು ಹೊರಗೆ ಬರುತ್ತಿತ್ತು. ಅದರಲ್ಲಿ ಒಂದು ಶಬ್ದವನ್ನೂ ತಿರುಗಿ ಹೇಳಲು ನನಗೆ ಬರುತ್ತಿರಲಿಲ್ಲ.

ಒಮ್ಮೆ ಎದುರಿಗೆ ಕೂತಿದ್ದ ಅಜ್ಜಿಯೊಬ್ಬಳು ಬಹಳ ಹೊತ್ತು ನೋಡಿ ಕೇಳಿದಳು: “ಏನ್ ತಂಗಿ, ಆಸ್ತಿ ಜಗಳಾ ಏನು?”

“ಇಲ್ಲ ಅಜ್ಜಿ, ದೇವರದು,” ಎಂದಳು ಐರಣಿಯವಳು.

“ಹಂಗಾರ ಕೋರ್ಟಿಗೆ ಹೋಗೂದು ಬ್ಯಾಡ. ಹಾವೇರ್ಯಾಗ ಇಳದು ಚಾ ಕುಡೀರಿ.”

ಆಮೇಲೆ ಆ ರೋಗ ಬಂತು. ರೈಲು ನಿಂತಿತು, ಕಾಲೇಜಿಗೆ ಬೀಗ ಬಿತ್ತು, ತರಗತಿ ಮೊಬೈಲಿನೊಳಗೆ ಹೊಕ್ಕಿತು. ಕಲಿಯುವ ಮನಸ್ಸಿದ್ದರೆ ಎಲ್ಲಿಂದಲೂ ಕಲಿಯಬಹುದು ಎಂದು ಆಗ ತುಂಬ ಜನ ಹೇಳುತ್ತಿದ್ದರು. ಹಾಗೆ ಹೇಳುವವರ ಮನೆಯಲ್ಲಿ ವೈಫೈ ಇರುತ್ತದೆ ಎಂಬುದನ್ನು ನಾನು ಗಮನಿಸಿದ್ದೆ.

ನಮ್ಮ ಮನೆಯಲ್ಲಿ ವೈಫೈ ಇರಲಿಲ್ಲ, ಘಾಟು ಇತ್ತು. ಬ್ಯಾಡಗಿಯ ನಮ್ಮ ಓಣಿಯಲ್ಲಿ ಹೆಂಗಸರು ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಬಿಸಿಲೇರಿದಂತೆ ಆ ಘಾಟು ಕಿಟಕಿ ಹಾದು ಒಳಗೆ ಬರುತ್ತದೆ. ಹುಟ್ಟಿದಾಗಿನಿಂದ ಅದರಲ್ಲೇ ಇದ್ದೇವೆ, ಕೆಮ್ಮಿದ್ದನ್ನು ಕೆಮ್ಮು ಎಂದು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೊದಲ ಆನ್‌ಲೈನ್ ಕ್ಲಾಸಿನಲ್ಲಿ ಪ್ರಶ್ನೆ ಕೇಳಲೆಂದು ಮೈಕು ತೆರೆದೆ. ಪ್ರಶ್ನೆಗಿಂತ ಮೊದಲು ಕೆಮ್ಮು ಬಂತು. ಒಂದಲ್ಲ, ಸಾಲಾಗಿ. ಅದರ ಹಿಂದೆ ನಮ್ಮವ್ವನದು, ಅದರ ಹಿಂದೆ ಪಕ್ಕದ ಮನೆಯವರದು.

“ಯಾರದು?” ಸರ್ ದನಿ ಬದಲಾಗಿತ್ತು. “ತೋರಿಸ್ಕೊಂಡೀರಿ ಏನು? ಮನ್ಯಾಗ ಎಷ್ಟ ಮಂದಿಗೆ ಐತಿ?”

“ಸರ, ಇದು ಕೊರೊನಾ ಅಲ್ಲ. ಬ್ಯಾಡಗಿ.”

ಕ್ಲಾಸು ನಕ್ಕಿರಬೇಕು. ನಗು ಕೇಳಿಸಲಿಲ್ಲ, ಯಾಕೆಂದರೆ ಸರ್ ಅಷ್ಟರಲ್ಲಿ ಎಲ್ಲರ ಮೈಕು ಬಂದ್ ಮಾಡಿದ್ದರು. ಅಂದಿನಿಂದ ಅದೇ ರೂಢಿಯಾಯಿತು. ಹೆಸರು ಕರೆದವರಿಗೆ ಮಾತ್ರ ಬಾಯಿ.

ಶನಿವಾರದ ಕಟ್ಟಳೆಯನ್ನು ಸರ್ ಕೆಲವು ವಾರ ಉಳಿಸಿಕೊಳ್ಳಲು ನೋಡಿದರು. ಐರಣಿಯವಳ ವಾದವನ್ನು ನಾನು ತಿರುಗಿ ಹೇಳಿ ಕಾದೆ. ಪರದೆಯ ಮೇಲೆ ಒಂದು ಕಪ್ಪು ಚೌಕ, ಅದರ ನಡುವೆ ಅವಳ ಹೆಸರಿನ ಮೊದಲ ಅಕ್ಷರ. ಗೋಣು ಹಾಕಿದಳೋ ಇಲ್ಲವೋ ತಿಳಿಯುವುದು ಹೇಗೆ? “ಏನವಾ, ಒಪ್ಪಿಗೇನು?” ಎಂದರು ಸರ್. ಅವಳ ದನಿ ತುಂಡುತುಂಡಾಗಿ ಬಂತು. ಒಂದು ಶಬ್ದ, ನೀರಿನ ಸದ್ದು, ಅರ್ಧ ಶಬ್ದ, ಯಾವುದೋ ಹಕ್ಕಿ. “ಕೇಳ್ಸವಲ್ದು ಸರ,” ಎಂದು ಯಾರೋ ಟೈಪಿಸಿದರು. “ಇರಲಿ, ಮುಂದ ಹೋಗೂಣು,” ಎಂದರು ಸರ್. ಅವರನ್ನು ದೂರುವುದಿಲ್ಲ. ಕಾಣದ ಮಂದಿಗೆ ಪಾಠ ಹೇಳುವುದನ್ನು ಅವರಿಗೂ ಯಾರೂ ಕಲಿಸಿರಲಿಲ್ಲ. ಆದರೆ ಬರಬರುತ್ತ ಶನಿವಾರ ಸೋಮವಾರದ ಹಾಗೇ ಆಯಿತು. ಅವರು ಓದುವುದು, ನಾವು ‘ಎಸ್ ಸರ್’ ಎಂದು ಒತ್ತುವುದು.

ಅವಳ ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ನದಿಯ ದಂಡೆಯಲ್ಲಿ ಒಂದು ಬಂಡೆಯಿತ್ತು, ಅಲ್ಲಿ ಕೂತರೆ ಎರಡು ಕಡ್ಡಿ ಬರುತ್ತಿತ್ತು. “ಟವರ್ ಆಚೀ ದಂಡೀಗೆ ಐತಿ,” ಎಂದು ಫೋನಿನಲ್ಲಿ ಹೇಳಿದಳು. “ಬ್ಯಾರೆ ಜಿಲ್ಲಾದ ಗಾಳಿ ಕಡಾ ತಗೊಂಡು ನಿನ್ನ ಕೂಡ ಮಾತಾಡಾಕತ್ತೇನಿ, ನೆನಪಿಟ್ಕೊ.”

ನಾವಿಬ್ಬರೂ ವಾದವನ್ನು ವಾಯ್ಸ್ ಮೆಸೇಜಿಗೆ ಒಯ್ದೆವು. ನಾನು ಮಾತಾಡಿ, ಕೇಳಿ, ಅಳಿಸಿ, ತಿದ್ದಿ, ಮತ್ತೆ ಮಾತಾಡಿ ಕಳಿಸುತ್ತಿದ್ದೆ. ಯಾರೂ ಅಡ್ಡ ಬರುತ್ತಿರಲಿಲ್ಲ, ನಾನು ತಡವರಿಸುವಾಗ ಪಕ್ಕದಲ್ಲಿ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಪ್ರತಿ ಸಲ ಗೆದ್ದೆ. ಅಂಥ ಗೆಲುವನ್ನು ಯಾರ ಮುಂದೆ ಹೇಳಿಕೊಳ್ಳುವುದು? ಗೋಡೆಗೆ ಚೆಂಡು ಎಸೆದು ಹಿಡಿದ ಹಾಗಿತ್ತು. ಅವಳ ಮೆಸೇಜುಗಳು ಮಾತ್ರ ದಿನದಿನಕ್ಕೆ ಉದ್ದವಾದವು. ಸ್ವಲ್ಪ ಮಾತು, ಬಹಳ ಹೊತ್ತು ನದಿ, ಮತ್ತೆ ಮಾತು. ರೈಲಿನಲ್ಲಿ ಅವಳು ಅಷ್ಟುದ್ದ ಮಾತಾಡಿದ ನೆನಪೇ ಇಲ್ಲ. ನನಗೆ ಅಷ್ಟು ತಾಳ್ಮೆಯಿರಲಿಲ್ಲ, ಎರಡು ಪಟ್ಟು ವೇಗದಲ್ಲಿ ಕೇಳುತ್ತಿದ್ದೆ. ಆ ವೇಗದಲ್ಲಿ ತುಂಗಭದ್ರೆಯೂ ಅವಸರದಲ್ಲಿ ಓಡುತ್ತಿತ್ತು.

ಆ ದಿನಗಳಲ್ಲಿ ನಾನು ಹಂಬಲಿಸಿದ್ದು ತರಗತಿಗೂ ಅಲ್ಲ, ಪಾಠಕ್ಕೂ ಅಲ್ಲ. ಸೀಟಿನ ಮೇಲಿನ ಆ ಬ್ಯಾಗಿಗೆ. ನನಗಾಗಿ ಒಂದು ಜಾಗವನ್ನು ಇನ್ನೊಬ್ಬರು ರಾಣೆಬೆನ್ನೂರಿನಿಂದ ಹಿಡಿದುಕೊಂಡು ಬರುವುದಕ್ಕೆ. ಇದನ್ನು ಆಗ ಯಾರಾದರೂ ಹೇಳಿದ್ದರೆ ಭಾವುಕತೆ ವಾದವಲ್ಲ ಎಂದು ಬಾಯಿ ಮುಚ್ಚಿಸುತ್ತಿದ್ದೆ.

ಕಾಲೇಜು ತೆರೆಯಿತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಎಲ್ಲರೂ ಬಂದರು, ಅವಳು ಬರಲಿಲ್ಲ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ, ಬೀಜ ಮೊಳಕೆಯೊಡೆಯುತ್ತದೋ ಇಲ್ಲವೋ ಪರೀಕ್ಷಿಸುವ ಕೋಣೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆಂದು ತಿಳಿಯಿತು. ಸರ್ ನನ್ನನ್ನು ಕರೆದರು.

“ಮುಂದಿನ ವಾರದೊಳಗ ಬಂದ್ರ ಪರೀಕ್ಷಾಕ್ಕ ಕೂಡಬಹುದು. ಇಲ್ಲಂದ್ರ ಆಕಿ ಹೆಸರು ಹೋತು. ಹೋಗಿ ಕರ್ಕೊಂಡು ಬಾ. ನಿನ್ನ ಬಾಯಿಗೆ ಬಿದ್ದು ಬರೂದಿಲ್ಲ ಅಂದವರು ಯಾರದಾರ?”

ಫೋನು ಮಾಡಿದೆ. “ಬರೂದಿಲ್ಲ,” ಎಂದಳು. “ಯಾಕಂತ ಕೇಳೂದಿದ್ರ ಐತಾರ ಬಾ. ಚಾ ಕುಡದು ಹೋಗು.”

ಆ ಭಾನುವಾರ ಐರಣಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ವಾದ ಜೋಡಿಸಿದೆ. ಮನೆಯಲ್ಲಿ ಬೇಡ ಎಂದಿರುತ್ತಾರೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಅವರಿಗೂ ಬೇರೆಯಾಗಿ ನಾಲ್ಕು ಮಾತು ಇಟ್ಟುಕೊಂಡಿದ್ದೆ. ಅವು ವ್ಯರ್ಥವಾದವು. ಬಾಗಿಲಲ್ಲೇ ಅವಳ ತಾಯಿ ಕೈ ಹಿಡಿದು ಒಳಗೆ ಕರೆದರು. “ಬಾ ಬೇಟಿ, ಕುಂದ್ರು. ಫೋನಿನ್ಯಾಗ ನಿಮ್ಮ ಜಗಳಾ ಇಲ್ದ ಈಕಿ ಭಾಳ ಸಣ್ಣಾಗ ಮಾತಾಡ್ತಾಳ. ನೀನರ ಒಂದೀಟು ಜೋರ ಮಾಡಿಸು.”

ಚಹಾ ಮುಗಿಸಿ ಅವಳು ನನ್ನನ್ನು ನದಿಗೆ ಕರೆದೊಯ್ದಳು. ಬಂಡೆ ದೊಡ್ಡದೇನಲ್ಲ, ಇಬ್ಬರು ಒತ್ತಿ ಕೂತರೆ ಸಾಲುವಷ್ಟು. ಅವಳು ಒಂದು ಬದಿಗೆ ಸರಿದು ಜಾಗ ಮಾಡಿದಳು.

“ಇಲ್ಲೇ ಕುಂದರ್ತಿದ್ದೆ. ಅಕಾ, ಆ ಟವರ್. ಮಳಿ ಬಂದ್ರ ಅದೂ ಇಲ್ಲ.”

“ಶುರು ಮಾಡ್ಲಿ?”

“ಅದಕ್ಕ ಬಂದೀದಿ. ಮಾಡು.”

ಮಾಡಿದೆ. ತರಗತಿ ಎಂದರೆ ಪಾಠವಲ್ಲ, ಎದುರಿಗೆ ಮನುಷ್ಯರಿರುವುದು ಎಂದೆ. ಒಂಟಿಯಾಗಿ ಓದುವವರು ತಮ್ಮ ತಪ್ಪನ್ನೇ ಬಾಯಿಪಾಠ ಮಾಡುತ್ತಾರೆ ಎಂದೆ. ಕಷ್ಟ ಬಂದಾಗ ಮೊದಲು ನಿಲ್ಲುವುದು ಹೆಣ್ಣುಮಕ್ಕಳ ಓದು, ನಿಲ್ಲಿಸಿದವರು ಯಾರೂ ಅದನ್ನು ಒಪ್ಪಿಕೊಳ್ಳುವುದಿಲ್ಲ ಎಂದೆ. ಅವಳು ನಡುವೆ ಬಾಯಿ ಹಾಕಲಿಲ್ಲ. ಮುಗಿಸಿದಾಗ, ಯಾವ ವೇದಿಕೆಯಲ್ಲಾದರೂ ಇದಕ್ಕೆ ಕಪ್ಪು ಬರುತ್ತಿತ್ತು ಎಂದು ನನಗೇ ಅನ್ನಿಸಿತು.

“ತಿರುಗಿ ಹೇಳ್ಲಿ?” ಎಂದಳು. “ನೀ ಹೇಳಿದ್ದು ಇಷ್ಟ. ರೈಲಿನ್ಯಾಗ ನಿನ್ನ ಬಾಜೂದ ಸೀಟು ಖಾಲಿ ಐತಿ.”

“ಅದಲ್ಲ ನಾ ಹೇಳಿದ್ದು.”

“ಅದೊಂದ ಬಿಟ್ಟು ಉಳಿದದ್ದೆಲ್ಲಾ ಹೇಳೀದಿ. ಖರೇ ಹೇಳು, ಗೋಣು ಹಾಕ್ತೀ ಏನಿಲ್ಲ?”

ಆಚೆ ದಂಡೆಯಿಂದ ಒಂದು ಹರಿಗೋಲು ಬರುತ್ತಿತ್ತು. ಅದು ಈಚೆ ದಡ ಮುಟ್ಟುವ ತನಕ ನೋಡಿದೆ. ಆಮೇಲೆ ಗೋಣು ಹಾಕಿದೆ.

“ಈಗ ನಂದು ಹೇಳು,” ಎಂದಳು.

“ನೀ ಇನ್ನೂ ಏನೂ ಹೇಳೇ ಇಲ್ಲಲ್ಲ.”

“ಮೆಸೇಜಿನ್ಯಾಗ ಭಾಳ ಸಲ ಹೇಳೇನಿ. ಕೇಳೀದಿಯಲ್ಲ?”

ಎರಡು ಪಟ್ಟು ವೇಗದಲ್ಲಿ ಕೇಳಿದ್ದೆ. ಆದರೂ ತೊಡಗಿದೆ. “ಮನ್ಯಾಗ ಬ್ಯಾಡ ಅಂದಾರ.”

ಅವಳು ಜೋರಾಗಿ ನಕ್ಕಳು. “ನಮ್ಮ ಅಬ್ಬಾ ದಿನಾ ಕೇಳ್ತಾರ, ಕಾಲೇಜಿಗೆ ಯಾವಾಗ ಹೊಂಟೀ ಅಂತ. ನೀ ಪೇಪರ್ ಓದಿ ಬಂದೀ, ನನ್ನ ಕೇಳಿ ಬಂದಿಲ್ಲ. ಮತ್ತ ಹೇಳು.”

“ಕ್ಲಾಸಿನ್ಯಾಗ ನಿನ್ನ ದನಿ ಕಡೀತಿತ್ತು, ಯಾರೂ ಕಾಯಲಿಲ್ಲ. ಅದಕ್ಕ ಸಿಟ್ಟು.”

“ಸಿಟ್ಟು ಬಂದಿತ್ತು. ಆಮ್ಯಾಲೆ ಹೋತು. ಹೋದ ಮ್ಯಾಲೆ ಏನಾತು, ಅದನ್ನ ಹೇಳು.”

ಆ ಉದ್ದುದ್ದ ಮೆಸೇಜುಗಳನ್ನು ನೆನಪು ಮಾಡಿಕೊಂಡೆ. ಮಾತಿನ ನಡುವಿನ ನದಿಯನ್ನೂ. ತುದಿ ಕಾಣದೆ ನಾನು ಆಡಿದ ಮೊದಲ ಮಾತು ಅದಿರಬೇಕು.

“ಇಲ್ಲಿ ಕುಂತು ಮಾತಾಡುವಾಗ ನಿನ್ನ ಮಾತು ಯಾರಿಗೂ ಮುಟ್ತಿರಲಿಲ್ಲ. ಹಂಗ ಯಾರೂ ನಡಬರಕ ಬಾಯಿನೂ ಹಾಕ್ತಿರಲಿಲ್ಲ. ಒಂದೊಂದು ಮಾತು ಕಡೀತನಕ ಹೋತು. ಆವಾಗ ಗೊತ್ತಾತು, ರೈಲಿನ್ಯಾಗ ನೀ ಆಡ್ತಿದ್ದದ್ದು ನಿನ್ನ ಮಾತಲ್ಲ, ನಾ ಆರಿಸಿ ಬಿಟ್ಟ ಪಕ್ಷದ್ದು. ನಿನ್ನ ಪಕ್ಷ ಯಾವುದು ಅಂತ ಈಗ ನೀ ನೋಡಾಕತ್ತೀದಿ. ನೋಡೂಮುಂದ ಬಾಜೂಕ ನಾ ಇರಬಾರದು.”

ಅವಳು ನನ್ನತ್ತ ತಿರುಗಿದಳು. “ಇರಬಾರದು ಅಂತಲ್ಲ. ಸ್ವಲ್ಪ ದಿನ ಇರಬಾರದು, ಅನ್ನು.”

“ಸ್ವಲ್ಪ ದಿನ.”

ಗೋಣು ಹಾಕಿದಳು. ಗಲ್ಲ ಎದೆಗೆ ತಾಗುವ ಹಾಗೆ ಒಂದೇ ಸಲ, ಆಮೇಲೆ ಕಣ್ಣೆತ್ತಿ ನೋಡುವುದು. ಅಷ್ಟು ತಿಂಗಳು ಆ ಕಪ್ಪು ಚೌಕದಲ್ಲಿ ನಾನು ಹುಡುಕಿದ್ದು ಇದನ್ನೇ. ಕಟ್ಟಳೆಯ ಪ್ರಕಾರ ಈಗ ನನ್ನ ಉತ್ತರ. ನಾನು ಬಂಡೆಯಿಂದ ಇಳಿದು ಚಪ್ಪಲಿ ಮೆಟ್ಟಿದೆ.

ಬಸ್ ನಿಲ್ದಾಣಕ್ಕೆ ನಡೆಯುವಾಗ ಅವಳೇ ಮಾತು ತೆಗೆದಳು. “ಓದು ಬಿಟ್ಟಿಲ್ಲ. ದೂರಶಿಕ್ಷಣಕ್ಕ ಹೆಸರು ಹಚ್ಚೇನಿ. ನಿನ್ನ ವೈರಿ ಅದು, ಗೊತ್ತೈತಿ.”

“ಕೆಲಸ ಹೆಂಗೈತಿ?”

“ಚೊಲೋ ಐತಿ. ಬೀಜ ಹಸಿ ಕಾಗದದಾಗ ಸುತ್ತಿ ಇಟ್ಟು ಸುಮ್ನ ಇರೂದು. ಘಳಿಗಿಗೊಮ್ಮೆ ಬಿಚ್ಚಿ ನೋಡಿದ್ರ ಕೆಡ್ತೈತಿ.”

“ಇದು ನನಗ ಹೇಳಿದ್ದೇನು?”

“ಎಲ್ಲಾ ನಿನಗ ಹೇಳ್ತಾರೇನ? ಬೀಜದ ಮಾತು ಹೇಳೇನಿ.”

ಬಸ್ಸು ಬಂತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟಾಗ ಹಿಂದಿನಿಂದ ಹೇಳಿದಳು: “ಲೇ, ನಿನ್ನ ಉತ್ತರ ಬಾಕಿ ಐತಿ.”

“ಮೆಸೇಜ್ ಕಳಸ್ತೇನಿ.”

“ಕಳಸಬ್ಯಾಡ. ಬಂದು ಹೇಳು.”

ಸೋಮವಾರ ಸರ್ ಕೇಳಿದರು: “ಏನಾತು?” ಗೋಣು ಹಾಕಿದಳು ಸರ, ಎಂದೆ. ಅವರ ಮುಖ ಅರಳಿತು. ಯಾವ ಮಾತಿಗೆ ಎಂದು ಹೇಳಿದ ಮೇಲೆ ಹಾಜರಿ ಕರೆಯತೊಡಗಿದರು. ವಾರ ಕಳೆದ ಮೇಲೆ ಆ ಹಾಜರಿಯಲ್ಲಿ ಅವಳ ಹೆಸರು ಬರಲಿಲ್ಲ.

ಈಗ ನನ್ನ ಓದು ಮುಗಿದಿದೆ. ಕೆಲಸ ಹಾವೇರಿಯಲ್ಲೇ. ರಾಣೆಬೆನ್ನೂರು ಕಡೆಯಿಂದ ಬರುವ ಗಾಡಿಯನ್ನು ಬ್ಯಾಡಗಿಯಲ್ಲಿ ಹತ್ತಿ, ಜಾಗ ಇದ್ದರೆ ಕೂರುತ್ತೇನೆ, ಇಲ್ಲದಿದ್ದರೆ ಬಾಗಿಲ ಬಳಿ ನಿಂತು ಅವಳಿಗೆ ಕೊಡಬೇಕಾದ ಉತ್ತರವನ್ನು ಜೋಡಿಸುತ್ತೇನೆ. ತರಗತಿಯ ಪರವಾಗಿ ಈಗಲೂ ನನ್ನಲ್ಲಿ ಬೇಕಾದಷ್ಟು ವಾದಗಳಿವೆ. ಯಾವುದೂ ಅವಳು ಹೇಳಿದ್ದಕ್ಕೆ ಉತ್ತರವಲ್ಲ. ಕೊನೆಗೆ ಉಳಿಯುವುದು ಒಂದು ಪ್ರಶ್ನೆ: ಸ್ವಲ್ಪ ದಿನ ಅಂದರೆ ಎಷ್ಟು ದಿನ?

ಅದನ್ನು ಮೆಸೇಜಿನಲ್ಲಿ ಕೇಳುವ ಹಾಗಿಲ್ಲ. ಐರಣಿಯ ಬಸ್ಸು ಹತ್ತಿ, ಆ ಬಂಡೆಯ ಮೇಲೆ ಕೂತು ಕೇಳಬೇಕು. ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನ ತನಕ ಎರಡು ಸಲ ಹೋಗಿ, ಬಸ್ಸು ಹೊರಡುವುದನ್ನು ನೋಡಿ, ತಿರುಗಿ ಬಂದಿದ್ದೇನೆ.